ಹಳೇ ಸ್ಟೈಲ್ ಕ್ಯಾರವಾನ್ ತಗೋಬೇಕಾ? ಮಕ್ಕಳಿದ್ರೆ ಮೊದ್ಲು ಒಳಗೆ ಮಲಗಿ ನೋಡಿ

ಕ್ಯಾರವಾನ್ ಅಂದ್ರೆ ಕಾರಿನ ಹಿಂದೆ ಕಟ್ಟಿ ಎಳ್ಕೊಂಡು ಹೋಗೋ ಪುಟ್ಟ ಮನೆ. ಹಳೇ ಸ್ಟೈಲಿನದ್ರ ಆ ಗುಂಡು ಗುಂಡು ಮೂಲೆ, ಎರಡು ಬಣ್ಣದ ಪೇಂಟು, ಇಲ್ಲಾಂದ್ರೆ ಏರ್‌ಸ್ಟ್ರೀಮ್ (ಅಮೆರಿಕದ ಕ್ಯಾರವಾನ್ ಕಂಪನಿ) ಥರ ರಿವೆಟ್ ಹೊಡೆದ ಪಳಪಳ ಅಲ್ಯೂಮಿನಿಯಂ ಮೈ, ನೋಡಿದ ತಕ್ಷಣ ಬೇಕು ಅನ್ಸುತ್ತೆ, ನಮಗೂ ಹಾಗೇ ಆಗಿದ್ದು. ಮೊದಲನೇ ಗಾಡಿ ನೋಡೋಕೆ ಹೋದಾಗ ಹತ್ತು ನಿಮಿಷ ಬರೀ ಫೋಟೋ ತೆಗೆದ್ವಿ. ಅಷ್ಟರಲ್ಲಿ ಮಗಳು ಬೆಂಚಿನ ಕೆಳಗೆ ನುಗ್ಗಿ "ಅಪ್ಪಾ ಇಲ್ಲಿ ಗೋಡೆ ಮೆತ್ತಗಿದೆ" ಅಂದ್ಲು. ಬೆರಳಲ್ಲಿ ಒತ್ತಿದ್ರೆ ಟೀಲಿ ಅದ್ದಿದ ಬಿಸ್ಕೆಟ್ ಥರ ಒಳಗೆ ಹೋಯ್ತು. ಮೇಲೆ ಥಳುಕು ಒಳಗೆ ಹುಳುಕು ಅಂತಾರಲ್ಲ, ಪಕ್ಕಾ ಅದೇ.

ಮೊದ್ಲು ಒಂದು ತೀರ್ಮಾನ ಮಾಡ್ಕೊಳ್ಳಿ: ನಿಜವಾಗ್ಲೂ ಹಳೇದು ಬೇಕಾ, ಹಳೇ ಲುಕ್ಕಲ್ಲಿ ಹೊಸದಾಗಿ ಮಾಡಿದ್ದು ಸಾಕಾ. ನಿಜವಾದ ಹಳೇ ಗಾಡಿಗಳಲ್ಲಿ ಸಾಮಾನ್ಯವಾಗಿ ಮರದ ಫ್ರೇಮ್ ಮೇಲೆ ಅಲ್ಯೂಮಿನಿಯಂ ಶೀಟ್ ಇರುತ್ತೆ, ಶೀಟ್ ಸೇರೋ ಜಾಗದಲ್ಲಿ ಸೀಲೆಂಟ್ (ಸಂದು ಮುಚ್ಚೋ ಅಂಟು) ಒಣಗಿ ನೀರು ಇಳಿದು ಮರ ಕೊಳೆತಿದ್ರೂ ಹೊರಗಿಂದ ಏನೂ ಗೊತ್ತಾಗಲ್ಲ. ಇನ್ನೊಂದು, ಹಳೇ ಪೇಂಟಲ್ಲಿ ಸೀಸ ಇರಬಹುದು, ಅಮೆರಿಕದಲ್ಲಿ ಮನೆಗೆ ಹೊಡಿಯೋ ಸೀಸದ ಪೇಂಟ್ ನಿಷೇಧ ಆಗಿದ್ದೇ 1978ರಲ್ಲಿ. ಕಿಟಕಿ ಕಟ್ಟೆನ ಕಚ್ಚೋ ವಯಸ್ಸಿನ ಮಗು ಇದ್ರೆ ಇದು ಸಣ್ಣ ವಿಷಯ ಅಲ್ಲ. ಮಕ್ಕಳು ಐದಾರು ವರ್ಷದ ಒಳಗಿದ್ರೆ ನನ್ನ ಓಟು ಹೊಸದಕ್ಕೇ, ರಿಪೇರಿ ಮಾಡೋ ಹುಚ್ಚು ಇದ್ರೆ ಮಕ್ಕಳು ಸ್ವಲ್ಪ ದೊಡ್ಡೋರಾಗ್ಲಿ ಬಿಡಿ. ಮಧ್ಯದ ದಾರಿನೂ ಇದೆ, ಫೈಬರ್‌ಗ್ಲಾಸ್ ಮೊಟ್ಟೆ ಆಕಾರದವು, 1968ರಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ಶುರುವಾದ ಬೋಲರ್ ಥರದ್ದು. ಎರಡು ಚಿಪ್ಪು ಸೇರಿಸಿ ಮಾಡಿರೋದ್ರಿಂದ ಜಾಯಿಂಟ್ ಕಮ್ಮಿ, ಸೋರೋ ಜಾಗನೂ ಕಮ್ಮಿ. ಆದ್ರೂ ಕಿಟಕಿ ಸುತ್ತ ಮತ್ತೆ ಚಾವಣಿ ವೆಂಟ್ ಹತ್ರ ಕೈ ಆಡಿಸಿ ನೋಡದೆ ಬರಬೇಡಿ.

ತೇವ ಅಳೆಯೋ ಮೀಟರ್ ಒಂದು ತಗೊಂಡ್ಹೋಗಿ, ಮೂಲೆಗಳಲ್ಲಿ, ಬೆಂಚ್ ಬಾಕ್ಸ್ ಒಳಗೆ ಹಿಡೀರಿ. ಸುಮಾರು 15% ಒಳಗಿದ್ರೆ ಪರವಾಗಿಲ್ಲ, 20% ದಾಟಿದ್ರೆ ಯಾಕೆ ಅಂತ ಗೊತ್ತಾಗೋವರೆಗೂ ಅಡ್ವಾನ್ಸ್ ಕೊಡಬೇಡಿ. ಬಾಗಿಲು ತೆಗೆದ ತಕ್ಷಣ ಮುಗ್ಗು ವಾಸನೆ ಬಂದ್ರೆ ಮೀಟರೂ ಬೇಡ. ರೂಮ್ ಫ್ರೆಶ್ನರ್ ವಾಸನೆ ಜೋರಾಗಿ ಬಂದ್ರೆ ಇನ್ನೂ ಅನುಮಾನ ಪಡಿ.

ಈಗ ಹಾಸಿಗೆ, ಸಣ್ಣ ಮಕ್ಕಳಿರೋರು ಎಡವೋದೇ ಇಲ್ಲಿ. ಬ್ರೋಷರಲ್ಲಿ ನಾಲ್ಕು ಜನ ಮಲಗಬಹುದು ಅಂತ ಇರುತ್ತೆ, ಅದರಲ್ಲಿ ಇಬ್ಬರ ಹಾಸಿಗೆ ಊಟದ ಟೇಬಲ್ ಇಳಿಸಿ ಮಾಡೋದು. ಅಂದ್ರೆ ರಾತ್ರಿ ಎಂಟಕ್ಕೆ ಮಗು ಮಲಗಿದ ಮೇಲೆ ನೀವು ಕೂರೋಕೆ ಜಾಗ ಇಲ್ಲ, ಲೈಟ್ ಆರಿಸಿ ಕತ್ತಲಲ್ಲಿ ಫೋನ್ ನೋಡ್ತಾ ಬಿದ್ದಿರಬೇಕು, ಬೆಳಗ್ಗೆ ತಿಂಡಿ ಬೇಕು ಅಂದ್ರೆ ಮಲಗಿರೋ ಮಗೂನ ಎಬ್ಬಿಸಿ ಮತ್ತೆ ಟೇಬಲ್ ಮಾಡಬೇಕು, ಎರಡೇ ದಿನಕ್ಕೆ ಸಾಕಪ್ಪಾ ಅನ್ಸುತ್ತೆ. ಕನಿಷ್ಠ ಒಂದಾದ್ರೂ ಫಿಕ್ಸ್ ಬೆಡ್ ಇರೋದು ನೋಡಿ. ಬಂಕ್ ಇದ್ರೆ ಮೇಲಿನದ್ರಲ್ಲಿ ಆರು ವರ್ಷದ ಒಳಗಿನ ಮಗೂನ ಮಲಗಿಸಬೇಡಿ. ಮಾರೋರ ಮುಂದೆ ನಾಚಿಕೆ ಬಿಟ್ಟು ಹಾಸಿಗೆ ಹಾಸಿ, ಎಲ್ಲರೂ ಒಟ್ಟಿಗೆ ಮಲಗಿ, ಒಬ್ಬರು ಬಾತ್‌ರೂಮಿಗೆ ಎದ್ದು ಹೋಗೋ ಥರ ಮಾಡಿ ನೋಡಿ. ಟೇಪ್ ಹಿಡಿದು ಮಗುವಿನ ಮಂಚ ಎಲ್ಲಿ ಕೂರುತ್ತೆ ಅಂತನೂ ಅಳೀರಿ.

ಟಿಯರ್‌ಡ್ರಾಪ್ ಅಂತ ಬರುತ್ತಲ್ಲ, ಹನಿ ಆಕಾರದ ಪುಟಾಣಿ, ನೋಡೋಕೆ ಎಲ್ಲಕ್ಕಿಂತ ಮುದ್ದು. ಆದ್ರೆ ಅದು ಒಂದು ಹಾಸಿಗೆ, ಹಿಂದೆ ಡಿಕ್ಕಿ ಥರ ತೆರೆದ್ರೆ ಅಡುಗೆ ಜಾಗ, ಅಷ್ಟೇ. ಮಳೇಲಿ ಕೊಡೆ ಹಿಡ್ಕೊಂಡು ಹಾಲು ಬಿಸಿ ಮಾಡೋ ಪರಿಸ್ಥಿತಿ. ಇಬ್ಬರೇ ಇದ್ರೆ ಸೂಪರ್, ಎರಡು ಮಕ್ಕಳ ಜೊತೆ ಕಷ್ಟ.

ತೂಕ. ಖಾಲಿ ತೂಕ ನೋಡಿ ಖುಷಿ ಪಡಬೇಡಿ, ಪೂರ್ತಿ ಲೋಡ್ ಆದ್ಮೇಲೆ ಎಷ್ಟು ಅನ್ನೋದು ಮುಖ್ಯ. ಒಂದು ಲೀಟರ್ ನೀರು ಒಂದು ಕೆಜಿ, 80 ಲೀಟರ್ ಟ್ಯಾಂಕ್ ತುಂಬಿಸಿದ್ರೆ ಒಬ್ಬ ದೊಡ್ಡೋರನ್ನ ಕೂರಿಸಿದ ಹಾಗೆ. ಅದರ ಮೇಲೆ ಸ್ಟ್ರಾಲರ್, ಡಯಾಪರ್, ಸೈಕಲ್. ನಿಮ್ಮ ಕಾರಿನ ಮ್ಯಾನುಯಲ್ಲಲ್ಲಿ ಎಷ್ಟು ಎಳೆಯಬಹುದು ಅಂತ ಬರೆದಿರುತ್ತೆ, ಅದಕ್ಕಿಂತ ಸಾಕಷ್ಟು ಕೆಳಗೇ ಇರಲಿ. ಬ್ರಿಟನ್‌ನಲ್ಲಿ ಹೊಸಬರಿಗೆ ಕಾರಿನ ತೂಕದ 85% ಒಳಗೆ ಇರಲಿ ಅಂತ ಸಲಹೆ ಕೊಡ್ತಾರೆ. ಭಾರದ ಸಾಮಾನು ಆಕ್ಸಲ್ (ಚಕ್ರದ ಅಚ್ಚು) ಹತ್ರ, ಕೆಳಗೆ ಇಡಿ, ಹಿಂದಕ್ಕೆ ಜಾಸ್ತಿ ಹಾಕಿದ್ರೆ ಸ್ಪೀಡಲ್ಲಿ ಹಾವಿನ ಥರ ಓಲಾಡುತ್ತೆ. ಮತ್ತೆ ಮಕ್ಕಳು ಎಷ್ಟೇ ಹಠ ಮಾಡ್ಲಿ, ಗಾಡಿ ಓಡ್ತಿರುವಾಗ ಕ್ಯಾರವಾನ್ ಒಳಗೆ ಯಾರನ್ನೂ ಕೂರಿಸಬೇಡಿ.

ಟೈರ್ ಟ್ರೆಡ್ (ಮೇಲಿನ ಗೀರು) ನೋಡಿ ಮೋಸ ಹೋಗಬೇಡಿ, ನಿಂತಲ್ಲೇ ನಿಂತಿರೋದ್ರಿಂದ ಸವೆದಿರಲ್ಲ ಆದ್ರೆ ರಬ್ಬರ್ ವಯಸ್ಸಾಗಿರುತ್ತೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರೋ ಕೋಡಿನ ಕೊನೇ ನಾಲ್ಕು ಅಂಕಿ ಓದಿ: 2319 ಅಂದ್ರೆ 2019ರ 23ನೇ ವಾರ. ಐದಾರು ವರ್ಷ ದಾಟಿದ್ರೆ ಹೊಸ ಟೈರಿನ ದುಡ್ಡು ಬೆಲೇಲಿ ಕಳೀರಿ.

ಗ್ಯಾಸ್ ಲೈನ್ ಗೊತ್ತಿರೋರ ಹತ್ರ ಚೆಕ್ ಮಾಡಿಸಿ, ಕಾರ್ಬನ್ ಮಾನಾಕ್ಸೈಡ್ (ವಾಸನೆ ಇಲ್ಲದ ವಿಷಗಾಳಿ) ಅಲಾರಂ ಇಲ್ದೆ ಒಂದು ರಾತ್ರಿನೂ ಮಲಗಬೇಡಿ. ಚಳಿ ಜಾಗಕ್ಕೆ ಹೋಗೋದಾದ್ರೆ ಒಲೆಗೆ ಪ್ರೋಪೇನ್ ಗ್ಯಾಸ್ ಇಟ್ಕೊಳ್ಳಿ, ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ರ ಬಂದ್ರೆ ಕೈ ಕೊಡುತ್ತೆ. ಒಲೆ ಬಾಗಿಲ ಪಕ್ಕದಲ್ಲೇ ಇದ್ರೆ ಯೋಚನೆ ಮಾಡಿ, ಮಕ್ಕಳು ಓಡಿ ಬರೋದೇ ಆ ದಾರಿಲಿ.

ಟಾಯ್ಲೆಟ್ ಬೇಕಾ ಬೇಡ್ವಾ ಅಂತ ನಾವಿಬ್ರೂ ತುಂಬಾ ಜಗಳ ಆಡಿದ್ವಿ, ಅಷ್ಟು ಚಿಕ್ಕ ಗಾಡಿಲಿ ಜಾಗ ಹಾಳು ಅನ್ನೋದು ನನ್ನ ವಾದ. ರಾತ್ರಿ ಎರಡು ಗಂಟೆಗೆ, ಮಳೇಲಿ, ಟಾರ್ಚ್ ಹಿಡ್ಕೊಂಡು ಮಗಳನ್ನ ಎತ್ಕೊಂಡು ಕ್ಯಾಂಪ್ ಬಾತ್‌ರೂಮಿಗೆ ಒಂದ್ಸಲ ಹೋಗಿ ಬಂದ್ಮೇಲೆ ನಾನೇ ಹೋಗಿ ಪೋರ್ಟಬಲ್ ಟಾಯ್ಲೆಟ್ ತಂದೆ.