ಬಚ್ಚಲ ಒಲೆಯ ಹೊಗೆ ಎತ್ತ ಹೋಗುತ್ತದೆ

ಶಿರಸಿ ತಾಲೂಕಿನ ಒಂದು ಸಣ್ಣ ಕಣಿವೆಯಲ್ಲಿ ನಮ್ಮ ಮನೆ. ಕೆಳಗೆ ಅಡಿಕೆ ತೋಟ, ಮೇಲೆ ಬೆಟ್ಟ, ನಡುವೆ ಮೆಟ್ಟಿಲಿನಂತೆ ಆರು ಮನೆ. ಚಳಿಗೆ ಕೋಣೆ ಬೆಚ್ಚಗೆ ಮಾಡುವ ಯಂತ್ರ ನಮ್ಮಲ್ಲಿ ಯಾರ ಮನೆಯಲ್ಲೂ ಇಲ್ಲ. ಬಿಸಿ ಬೇಕೆಂದರೆ ಬಚ್ಚಲು. ಡಿಸೆಂಬರಿನಲ್ಲಿ ಎದ್ದವರೆಲ್ಲ ಸೀದಾ ಹಂಡೆ ಒಲೆ ಮುಂದೆ ಬಂದು ಕೂರುತ್ತಾರೆ. ಚಾ ಅಲ್ಲೇ, ಮಾತೂ ಅಲ್ಲೇ.

ನಾನು ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತಾರು ವರ್ಷ ಆಯಿತು. ಅಷ್ಟೂ ವರ್ಷ ಬೆಳಿಗ್ಗೆ ಐದೂವರೆಗೆ ಆ ಒಲೆಗೆ ಬೆಂಕಿ ಹಾಕಿದವಳು ನಾನೇ. ಅದರ ಹೊಗೆ ಎತ್ತ ಹೋಗುತ್ತದೆ ಎಂದು ನೋಡಿದ್ದು ಮಾತ್ರ ಆರು ವರ್ಷದ ಹಿಂದೆ.

ಕೆಳಗಿನ ಮನೆಯ ದೊಡ್ಡಮ್ಮ ಒಂದು ಸಂಜೆ ಬಂದು ಜಗಲಿಯಲ್ಲಿ ಕೂತರು. ಎಪ್ಪತ್ತು ದಾಟಿದ ಜೀವ, ಮೊದಲಿನಿಂದ ಉಬ್ಬಸ. ಎಲೆ ಅಡಿಕೆ ಹಾಕಿಕೊಂಡು ಅದೂ ಇದೂ ಮಾತಾಡಿ, ಏಳುವಾಗ ಹೇಳಿದರು: "ತಂಗಿ, ಬೇಜಾರ ಮಾಡಡ. ಬೆಳಗ್ಗೆ ನಿಮ್ಮನೆ ಬಚ್ಚಲ ಹೊಗೆ ಪೂರಾ ನಮ್ಮನೆ ಒಳಗೆ ಬತ್ತು. ಉಸಿರಾಡಲೆ ಆಗ್ತಿಲ್ಲೆ."

ಮರುದಿನ ಒಲೆಗೆ ಬೆಂಕಿ ಹಾಕಿ, ಶಾಲು ಹೊದ್ದು ಅವರ ಅಂಗಳಕ್ಕೆ ಇಳಿದೆ. ಅಲ್ಲಿ ನಿಂತು ನಮ್ಮ ಮನೆಯನ್ನು ನೋಡಿದೆ. ಹೊಗೆ ಬಚ್ಚಲಿನ ಹಂಚಿನ ಸಂದಿಯಿಂದ ಹೊರಬಿದ್ದು ಒಂದಾಳೆತ್ತರ ಏರಿತು. ಆಮೇಲೆ ಏರಲೇ ಇಲ್ಲ. ಬಗ್ಗಿ, ಇಳಿಜಾರು ಹಿಡಿದು, ನೀರು ಹರಿದ ಹಾಗೆ ಕೆಳಗೆ ಬಂತು. ದೊಡ್ಡಮ್ಮನ ಮನೆಯ ಮಾಡಿನ ಮೇಲೆ ಬಿಳಿ ಚಾದರದಂತೆ ಮಲಗಿತು. ಬಿಸಿಲು ಕಣಿವೆಗೆ ಇಳಿಯುವ ತನಕ, ಹೆಚ್ಚುಕಡಿಮೆ ಒಂಬತ್ತು ಗಂಟೆಯವರೆಗೆ, ಅದು ಅಲ್ಲೇ ಇತ್ತು.

ಕಾರಣ ಆಮೇಲೆ ತಿಳಿಯಿತು. ಚಳಿಗಾಲದ ರಾತ್ರಿ ಆಕಾಶ ತಿಳಿಯಾಗಿದ್ದರೆ ನೆಲ ಬೇಗ ತಣಿಯುತ್ತದೆ. ತಣ್ಣಗಿನ ಗಾಳಿ ಭಾರ, ಅದು ಕಣಿವೆಯ ತಳಕ್ಕೆ ಇಳಿದು ನಿಲ್ಲುತ್ತದೆ. ಅದರ ಮೇಲಿನ ಪದರ ಬೆಚ್ಚಗಿರುತ್ತದೆ. ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಹೊಗೆ ಆ ಮುಚ್ಚಳ ದಾಟುವುದಿಲ್ಲ. ನಾವು ಹೆಚ್ಚು ಬೆಂಕಿ ಹಾಕುವ ಹೊತ್ತೂ ಅದೇ ಹೊತ್ತು.

ನಾನು ಏನು ಸುಡುತ್ತಿದ್ದೆ ಎನ್ನುವುದನ್ನೂ ಹೇಳಬೇಕು. ಬೆಟ್ಟದಿಂದ ತಂದ ಮತ್ತಿ, ಹುಣಾಲು, ಅಕೇಶಿಯಾ ಕಟ್ಟಿಗೆ. ಅರ್ಧ ಒಣಗಿದ್ದು, ಅರ್ಧ ಹಸಿ. ಜೊತೆಗೆ ಅಡಿಕೆ ಮರದ ಸೋಗೆ, ಹಾಳೆ, ಒದ್ದೆ ಅಡಿಕೆ ಸಿಪ್ಪೆ. ಬೆಂಕಿ ಹೊತ್ತಿಸಲು ಹಾಲಿನ ಪ್ಲಾಸ್ಟಿಕ್ ಕವರು. ಎಲ್ಲರ ಮನೆಯಲ್ಲೂ ಹೀಗೆಯೇ ಇತ್ತು. ಪ್ಲಾಸ್ಟಿಕ್ ಅನ್ನು ಅವತ್ತೇ ನಿಲ್ಲಿಸಿದೆ. ಅದರ ಹೊಗೆಯಲ್ಲಿ ಡಯಾಕ್ಸಿನ್‌ನಂಥ ವಿಷ ಇರಬಹುದು, ಬೂದಿ ತೋಟಕ್ಕೂ ಹೋಗುತ್ತದೆ. ಈಗ ಒಣ ತೆಂಗಿನ ಸಿಪ್ಪೆಯ ನಾರು ಇಟ್ಟುಕೊಂಡಿದ್ದೇನೆ. ಒಂದೇ ಕಡ್ಡಿಗೆ ಹತ್ತುತ್ತದೆ.

ಆಮೇಲೆ ತೂಕ ಮಾಡಿದೆ. ಅಡಿಕೆ ತೂಗುವ ತಕ್ಕಡಿಯಲ್ಲಿ ಹತ್ತು ದಿನ, ಒಲೆಗೆ ಹೋಗುವ ಕಟ್ಟಿಗೆಯನ್ನೆಲ್ಲ ತೂಗಿ ಕ್ಯಾಲೆಂಡರಿನಲ್ಲಿ ಬರೆದೆ. ನಾಲ್ಕು ಜನರ ಸ್ನಾನಕ್ಕೆ ದಿನಕ್ಕೆ ಸುಮಾರು ಏಳು ಕಿಲೋ. ವರ್ಷಕ್ಕೆ ಎರಡೂವರೆ ಟನ್! ಮಗಳು ಲೆಕ್ಕ ಹಾಕಿ ತೋರಿಸಿದಳು. 80 ಲೀಟರ್ ನೀರನ್ನು 20 ಡಿಗ್ರಿಯಿಂದ 45ಕ್ಕೆ ಏರಿಸಲು ಬೇಕಾದ ಶಾಖ 2000 ಕಿಲೋ ಕ್ಯಾಲೊರಿ. ಒಣ ಕಟ್ಟಿಗೆ ಒಂದು ಕಿಲೋದಲ್ಲಿ ಹತ್ತಿರ ಹತ್ತಿರ 4000 ಇರುತ್ತದೆ. ಅಂದರೆ ಶಾಖವೆಲ್ಲ ನೀರಿಗೇ ಹೋದರೆ ಅರ್ಧ ಕಿಲೋ ಸಾಕು. ನಾನು ಸುಡುತ್ತಿದ್ದುದು ಏಳು. ಉಳಿದ ಆರೂವರೆ ಕಿಲೋ ಎಲ್ಲಿ ಹೋಯಿತು? ಕಟ್ಟಿಗೆಯ ಹಸಿ ಆರಿಸಲು, ಗೋಡೆ ಬಿಸಿ ಮಾಡಲು, ದೊಡ್ಡಮ್ಮನ ಮನೆ ತುಂಬಲು.

ಬೆಟ್ಟದ ಮಾತು ಇಲ್ಲಿ ಬರಲೇಬೇಕು. ನಮ್ಮ ಕಡೆ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆ ತನಕ ಸೊಪ್ಪಿನ ಬೆಟ್ಟ ಬಿಟ್ಟ ಪದ್ಧತಿ ಬ್ರಿಟಿಷರ ಕಾಲದ್ದು. ಸೊಪ್ಪು, ದರಕು ಎಂದರೆ ಉದುರಿದ ಒಣ ಎಲೆ, ಒಣ ಕಟ್ಟಿಗೆ ತರಬಹುದು. ತರುವ ಹಕ್ಕಿದೆ ಎಂದು ಕಡಿದೂ ಕಡಿದೂ ಎಷ್ಟೋ ಬೆಟ್ಟಗಳಲ್ಲಿ ಮರಗಳು ಗೂಟದ ಹಾಗೆ ನಿಂತಿವೆ. ತುದಿಯಲ್ಲಿ ಮಾತ್ರ ಒಂದು ಹಿಡಿ ಎಲೆ. ನಮ್ಮ ತಾಲೂಕಿನ ಸಾಲ್ಕಣಿಯಲ್ಲೇ ಅಲ್ವಾ, 1983ರ ಸೆಪ್ಟೆಂಬರ್ 8ರಂದು ಜನ ಮರ ಅಪ್ಪಿಕೊಂಡು ನಿಂತದ್ದು? ಪಾಂಡುರಂಗ ಹೆಗಡೆಯವರು ಮುಂದೆ ನಿಂತ ಆ ಅಪ್ಪಿಕೋ ಚಳವಳಿಯ ಮಾತು ಮೂರೇ ಶಬ್ದ: ಉಳಿಸು, ಬೆಳೆಸು, ಬಳಸು. ಮೊದಲ ಎರಡನ್ನು ನಾವು ಸಭೆಯಲ್ಲಿ ಹೇಳುತ್ತೇವೆ. ಮೂರನೆಯದು ನಡೆಯುವುದು ಬಚ್ಚಲಿನಲ್ಲಿ. ಆ ತಕ್ಕಡಿಯ ಮುಂದೆ ನಿಂತಾಗ ನನಗೆ ನಿಜಕ್ಕೂ ಸಂಕಟವಾಯಿತು.

ಮೊದಲು ಒಲೆ ಬದಲಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಹಳ್ಳಿಗಳಿಗಾಗಿ 'ಅಸ್ತ್ರ' ಎಂಬ ಕೇಂದ್ರ ಶುರು ಮಾಡಿದ್ದರು. ಅಲ್ಲಿಂದ ಬಂದ ಅಸ್ತ್ರ ಒಲೆ ನಮ್ಮ ಕಡೆಯ ಹಳಬರಿಗೆಲ್ಲ ಗೊತ್ತು. ಆಗ ಅದನ್ನು ಕಟ್ಟಿ ಅಭ್ಯಾಸವಿದ್ದ ಹಿರಿಯ ಮೇಸ್ತ್ರಿಯೊಬ್ಬರನ್ನು ಹುಡುಕಿ ಕರೆಸಿದೆವು. ಹಂಡೆ ಹಳೆಯದೇ, ತಾಮ್ರದ್ದು. ಒಲೆ ಹೊಸತು. ಕಟ್ಟಿಗೆ ನೆಲದ ಮೇಲೆ ಕೂರದೆ ಕಬ್ಬಿಣದ ಜಾಲರಿಯ ಮೇಲೆ ಕೂರುತ್ತದೆ. ಅಡಿಯಿಂದ ಗಾಳಿ ಬರುತ್ತದೆ, ಬೂದಿ ಕೆಳಗೆ ಬೀಳುತ್ತದೆ. ಒಲೆಯ ಬಾಯಿ ಮೊದಲಿನ ಅರ್ಧ. ಹಂಡೆಗೂ ಗೋಡೆಗೂ ನಡುವೆ ಎರಡು ಬೆರಳಿನಷ್ಟೇ ಸಂದಿ, ಬಿಸಿ ಹೊಗೆ ಹಂಡೆಯನ್ನು ಉಜ್ಜಿಕೊಂಡೇ ಸುತ್ತಿ ಹೋಗಬೇಕು. ಕೊನೆಗೆ ಹೊಗೆ ಕೊಳವೆ. ಅದು ಮಾಡಿನ ನೆತ್ತಿಗಿಂತ ಮೂರು ಅಡಿ ಮೇಲೆ ನಿಲ್ಲಬೇಕು ಎಂದು ಹಟ ಹಿಡಿದೆ. ಗಿಡ್ಡ ಕೊಳವೆ ಇಟ್ಟರೆ ಗಾಳಿ ಮಾಡಿಗೆ ಬಡಿದು ಹೊಗೆಯನ್ನು ವಾಪಸ್ ಅಂಗಳಕ್ಕೆ ತಳ್ಳುತ್ತದೆ.

ಕೊಳವೆ ಎತ್ತರ ಮಾಡಿದ್ದರಿಂದ ಕೆಳಗಿನ ಮನೆಯ ತೊಂದರೆ ಪೂರ್ತಿ ಹೋಗಲಿಲ್ಲ. ಮುಚ್ಚಳ ಹಾಕಿದ ಕಣಿವೆಯಲ್ಲಿ ಕೊಳವೆ ಹೊಗೆಯನ್ನು ಸ್ವಲ್ಪ ಆಚೆ ಒಯ್ಯುತ್ತದೆ, ಅಷ್ಟೇ. ಹೊಗೆಯೇ ಕಡಿಮೆಯಾಗಬೇಕಾದರೆ ಕಟ್ಟಿಗೆ ಒಣಗಿರಬೇಕು. ಆಗ ಕಡಿದ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ ಇರುತ್ತದೆ. ನಾನು ಈಗ ಎರಡು ಬೇಸಿಗೆ ಕಂಡ ಕಟ್ಟಿಗೆಯನ್ನು ಮಾತ್ರ ಸುಡುತ್ತೇನೆ. ಸೀಳಿ, ಮಣಿಕಟ್ಟಿನ ದಪ್ಪ ಮಾಡಿ, ನೆಲದಿಂದ ಒಂದಡಿ ಮೇಲೆ, ಗಾಳಿಯಾಡುವ ಹಾಗೆ ಅಡ್ಡಡ್ಡ ಪೇರಿಸುತ್ತೇನೆ. ಒಣಗಿತೋ ಇಲ್ಲವೋ ತಿಳಿಯಲು ಎರಡು ತುಂಡನ್ನು ಬಡಿದು ನೋಡಿ. ಒಣಗಿದ್ದು ಠಣ್ ಎನ್ನುತ್ತದೆ, ಹಸಿಯದು ಡಬ್ ಎನ್ನುತ್ತದೆ. ಒಲೆಯಲ್ಲಿ ತುದಿಗೆ ನೊರೆ ಬಂದರಂತೂ ಅದು ಹಸಿಯೇ. ಅಡಿಕೆ ಸಿಪ್ಪೆ ಈಗ ಒಲೆಗೆ ಹೋಗುವುದಿಲ್ಲ, ಮರದ ಬುಡಕ್ಕೆ ಹೋಗುತ್ತದೆ.

ಮತ್ತೆ ಹತ್ತು ದಿನ ತೂಗಿದೆ. ಏಳು ಇದ್ದದ್ದು ಮೂರು ಕಿಲೋಗಿಂತ ಸ್ವಲ್ಪ ಜಾಸ್ತಿಗೆ ಇಳಿಯಿತು. ಕೊಳವೆಯ ತುದಿಯಲ್ಲಿ ಮೊದಲ ಹತ್ತು ನಿಮಿಷ ಹೊಗೆ ಕಾಣುತ್ತದೆ. ಆಮೇಲೆ ಗಾಳಿ ನಡುಗುವುದು ಮಾತ್ರ ಕಾಣುತ್ತದೆ.

ಕರೆಂಟ್ ಗೀಸರ್ ಯಾಕೆ ಹಾಕಲಿಲ್ಲ ಎಂದು ತುಂಬ ಜನ ಕೇಳಿದ್ದಾರೆ. ನಾಲ್ಕು ಜನರ ಸ್ನಾನಕ್ಕೆ ದಿನಕ್ಕೆ ಎರಡೂವರೆ ಯೂನಿಟ್ ಸಾಕು, ಹೊಗೆಯೂ ಇಲ್ಲ. ಪೇಟೆಯಲ್ಲಿ ಮನೆ ಮನೆ ತಾಗಿಕೊಂಡಿರುವವರಿಗೆ ನಾನು ಅದನ್ನೇ ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲೇ ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಅಣು ವಿದ್ಯುತ್ ಘಟಕಗಳಿವೆ, ಕಾಳಿ ನದಿಗೆ ಅಣೆಕಟ್ಟುಗಳ ಸಾಲೇ ಇದೆ. ಆದರೂ ಮಳೆಗಾಲದಲ್ಲಿ ಕಾಡಿನೊಳಗಿನ ಲೈನಿನ ಮೇಲೆ ಒಂದು ಗೆಲ್ಲು ಬಿದ್ದರೆ ನಮ್ಮ ಊರಿಗೆ ಎರಡು ದಿನ ಕತ್ತಲು. ಬಿಸಿನೀರು ಹೆಚ್ಚು ಬೇಕಾಗುವುದೂ ಆಗಲೇ. ಗ್ಯಾಸ್ ಗೀಸರನ್ನು ಮಾತ್ರ ಬಚ್ಚಲಿನ ಒಳಗೆ ಹಾಕಲೇಬೇಡಿ. ಮುಚ್ಚಿದ ಕೋಣೆಯಲ್ಲಿ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ತಿರುಗಿ ಬಿದ್ದವರಿಗೆ ಬಾಗಿಲು ತೆಗೆಯುವಷ್ಟೂ ಹೊತ್ತು ಸಿಗುವುದಿಲ್ಲ. ಬಾಣಂತಿ ಕೋಣೆಯಲ್ಲಿ ಕೆಂಡ ಇಟ್ಟು ಬಾಗಿಲು ಹಾಕುವುದೂ ಇಷ್ಟೇ ಅಪಾಯ. ಬೆಚ್ಚಗಿರಲಿ ಎಂದು ಪ್ರೀತಿಯಿಂದಲೇ ಇಡುತ್ತಾರೆ. ದಯವಿಟ್ಟು ಇಡಬೇಡಿ, ಬಿಸಿನೀರಿನ ಚೀಲ ಕೊಡಿ.

ಇನ್ನು ಸೋಲಾರ್. ಇಲ್ಲಿ ನಾನು ದೊಡ್ಡ ತಪ್ಪು ಮಾಡಿದೆ, ಅದನ್ನು ಬಿಡಿಸಿ ಹೇಳುತ್ತೇನೆ.

ನೂರು ಲೀಟರಿನದು ಹಾಕಿಸಿದ್ದು ಏಪ್ರಿಲಿನಲ್ಲಿ. ಕೂರಿಸಲು ಬಂದವರು ಮಾಡು ಹತ್ತಿ ನೋಡಿ, "ಬಿಸಿಲು ಭರ್ತಿ ಇದೆ ಅಕ್ಕಾ" ಎಂದರು. ಇತ್ತು ಕೂಡ. ಮೇ ತಿಂಗಳಲ್ಲಿ ಮುಟ್ಟಲಾಗದಷ್ಟು ಬಿಸಿ. ಮಳೆಗಾಲದಲ್ಲಿ ಬರುವುದಿಲ್ಲ ಎಂದು ಮೊದಲೇ ಗೊತ್ತಿತ್ತು. ಆದರೆ ಡಿಸೆಂಬರಿನಲ್ಲಿ, ಆಕಾಶ ಅಷ್ಟು ತಿಳಿಯಾಗಿದ್ದರೂ, ನಲ್ಲಿಯಲ್ಲಿ ಉಗುರುಬೆಚ್ಚಗಿನ ನೀರು. ಮಧ್ಯಾಹ್ನ ಏಣಿ ಹಾಕಿ ಹತ್ತಿ ನೋಡಿದರೆ ಪ್ಯಾನಲ್ ಪೂರಾ ನೆರಳಲ್ಲಿತ್ತು. ದಕ್ಷಿಣದ ಬೇಲಿಯಾಚೆ ಪಕ್ಕದ ಮನೆ ಭಾವನವರ ಹಲಸಿನ ಮರ.

ಏಪ್ರಿಲ್ ಕೊನೆಗೆ ನಮ್ಮ ಊರಿನಲ್ಲಿ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಮರದ ನೆರಳು ಮರದ ಬುಡದಲ್ಲೇ ಬೀಳುತ್ತದೆ. ಡಿಸೆಂಬರ್ 21ರ ಸುಮಾರಿಗೆ ಅದೇ ಸೂರ್ಯ ದಕ್ಷಿಣಕ್ಕೆ ವಾಲಿ, ಮಧ್ಯಾಹ್ನವೂ 52 ಡಿಗ್ರಿಗಿಂತ ಮೇಲೆ ಏರುವುದಿಲ್ಲ. ನಲವತ್ತು ಅಡಿ ಮರದ ನೆರಳು ಉತ್ತರಕ್ಕೆ ಮೂವತ್ತು ಅಡಿ ಚಾಚುತ್ತದೆ. ಬಿಸಿನೀರು ಬೇಕಾದ್ದು ಚಳಿಯಲ್ಲಿ, ಜಾಗ ನೋಡಿದ್ದು ಬೇಸಿಗೆಯಲ್ಲಿ.

ಎಲ್ಲರೂ ಒಂದೇ ಸಲಹೆ ಕೊಟ್ಟರು: ಮರದ ತಲೆ ಕಡಿಸು. ಭಾವನವರು ಬೇಡ ಎನ್ನುವವರೂ ಅಲ್ಲ. ಹೋಗಿ ಕೇಳಿದೆ. ಅವರು ತುಸು ಹೊತ್ತು ಮರವನ್ನೇ ನೋಡಿದರು. "ಕಡಿಯದಾದ್ರೆ ಕಡಿಯನ ಅತ್ಗೆ" ಎಂದರು. ಅಷ್ಟೇ. ಆಗ ಅವರ ಮನೆಯ ತಂಗಿ ಒಳಗಿನಿಂದ ಹಪ್ಪಳ ಕರಿದು ತಂದು ಮುಂದಿಟ್ಟಳು. ಅದೇ ಮರದ ಹಲಸಿನದು. ಪ್ರತಿ ವರ್ಷ ನಾನೇ ಅವಳ ಜೊತೆ ಕೂತು ಹಪ್ಪಳ ಒತ್ತಿದವಳು. ನಮ್ಮ ಮನೆಯ ಕೊಟ್ಟೆ ಕಡುಬಿಗೆ ಎಲೆ ಬರುವುದೂ ಆ ಮರದಿಂದಲೇ. ಮೇ ತಿಂಗಳಲ್ಲಿ ಎರಡೂ ಮನೆಗೆ ತಂಪು ಕೊಡುವುದೂ ಅದೇ. ಬೆಟ್ಟದ ಮರ ಉಳಿಸಬೇಕೆಂದು ಹೊರಟವಳು ಹಿತ್ತಿಲಿನ ಮರ ಕಡಿಸುವುದೇ? ಹಪ್ಪಳ ತಿಂದು, "ಬೇಡ ಭಾವ, ನಾನೇ ಬೇರೆ ಜಾಗ ನೋಡುತ್ತೇನೆ" ಎಂದು ಎದ್ದು ಬಂದೆ.

ಡಿಸೆಂಬರ್ ಕೊನೆಯ ವಾರ ಸುಣ್ಣದ ಪುಡಿ ಹಿಡಿದು ಅಂಗಳದಲ್ಲಿ ನಿಂತೆ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ನೆರಳು ಎಲ್ಲಿಯವರೆಗೆ ಬರುತ್ತದೆಯೋ ಅಲ್ಲಿ ಗೆರೆ ಎಳೆದೆ. ಮೂರೂ ಗೆರೆಗಳ ಹೊರಗೆ ಉಳಿದದ್ದು ಒಂದೇ ಮಾಡು: ದನದ ಕೊಟ್ಟಿಗೆ. ಅದು ಬಚ್ಚಲಿನಿಂದ ಮೂವತ್ತೈದು ಅಡಿ ದೂರ. ಕೊಟ್ಟಿಗೆಯ ಜಂತಿಗೆ ಬಲ ಕೊಡಿಸಿ ಪ್ಯಾನಲ್ ಅಲ್ಲಿಗೆ ಸಾಗಿಸಿದೆವು. ಬೆಟ್ಟದ ಅಬ್ಬಿ ನೀರು ಎತ್ತರದಿಂದಲೇ ಬರುವುದರಿಂದ ಪಂಪ್ ಬೇಕಾಗಲಿಲ್ಲ. ಪೈಪಿಗೆ ಉದ್ದಕ್ಕೂ ಕಪ್ಪು ಫೋಮ್ ಸುತ್ತಿಸಿದೆ. ಬೆಳಿಗ್ಗೆ ಮೊದಲು ಮೂರು ನಾಲ್ಕು ಲೀಟರ್ ತಣ್ಣೀರು ಬರುತ್ತದೆ, ಅದನ್ನು ಬಕೆಟಿನಲ್ಲಿ ಹಿಡಿದು ದನಕ್ಕೆ ಕೊಡುತ್ತೇನೆ. ಆಮೇಲೆ ಬರುವುದು ಒಳ್ಳೆ ಬಿಸಿ.

ಈಗ ಹಂಡೆ ಒಲೆ ಉರಿಯುವುದು ಮಳೆಗಾಲದಲ್ಲಿ ಮತ್ತು ಮೋಡದ ದಿನಗಳಲ್ಲಿ. ವರ್ಷಕ್ಕೆ ನೂರೈವತ್ತು ದಿನ ಎಂದು ಹಿಡಿದರೂ ಕಟ್ಟಿಗೆ ಐದು ಕ್ವಿಂಟಲ್ ದಾಟುವುದಿಲ್ಲ. ಅದು ಬಿದ್ದ ಗೆಲ್ಲು, ತೆಂಗಿನ ಚಿಪ್ಪು, ಬೇಲಿ ಸವರಿದ ಕಟ್ಟಿಗೆಯಲ್ಲೇ ಮುಗಿಯುತ್ತದೆ. ನಾಲ್ಕು ವರ್ಷದಿಂದ ಬಚ್ಚಲಿಗೆಂದು ಬೆಟ್ಟಕ್ಕೆ ಕತ್ತಿ ಹೋಗಿಲ್ಲ. ಕಡಿದು ಬಿಟ್ಟಿದ್ದ ಮತ್ತಿಯ ಬುಡಗಳಲ್ಲಿ ಚಿಗುರು ಬಂದು ನನ್ನ ಎತ್ತರ ದಾಟಿವೆ.

ದೊಡ್ಡಮ್ಮನ ಉಬ್ಬಸ ಹೋಗಿದೆ ಎಂದು ಹೇಳಲಾರೆ, ಆ ವಯಸ್ಸಿನಲ್ಲಿ ಅದು ಹೋಗುವಂಥದ್ದಲ್ಲ. ಆದರೆ ಚಳಿಗಾಲದ ಬೆಳಿಗ್ಗೆ ಅವರ ಮನೆಯ ಮೇಲಿನ ಕಿಟಕಿ ಈಗ ತೆರೆದಿರುತ್ತದೆ. ನಾನು ಹಾಲು ಕರೆದು ಬರುವಾಗ ಅಲ್ಲಿಂದಲೇ ಮಾತಾಡಿಸುತ್ತಾರೆ.

ಇನ್ನೂ ಉಳಿದಿರುವುದು ಅಡಿಕೆ ಬೇಯಿಸುವ ಒಲೆ. ಕೆಂಪಡಿಕೆ ಮಾಡುವ ನಾವೆಲ್ಲ ಕೊಯ್ಲಿನ ಆ ಎರಡು ತಿಂಗಳು, ಅದೇ ಚಳಿಯಲ್ಲಿ, ತೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಕುದಿಸುತ್ತ ರಾತ್ರಿಯವರೆಗೆ ಉರಿ ಹಾಕುತ್ತೇವೆ. ಬಚ್ಚಲಲ್ಲಿ ಉಳಿಸಿದ್ದರಲ್ಲಿ ಒಂದಿಷ್ಟು ಅಲ್ಲಿ ಹೋಗುತ್ತದೆ. ಈ ಸಲ ನಮ್ಮದು, ಭಾವನವರದು, ದೊಡ್ಡಮ್ಮನ ಮಗನದು, ಮೂರು ಮನೆ ಸೇರಿ ಒಂದೇ ಒಲೆ ಕಟ್ಟುವುದೆಂದು ಮಾತಾಗಿದೆ. ಜಾಲರಿ ಹಾಕಿ, ಉದ್ದ ಕೊಳವೆ ಇಟ್ಟು, ಆರು ಮನೆಗಳಿಗಿಂತ ಮೇಲಿನ ಬಯಲಿನಲ್ಲಿ. ಇಟ್ಟಿಗೆ ಬಂದು ಬಿದ್ದಿದೆ. ಮೇಸ್ತ್ರಿ ದೀಪಾವಳಿ ಕಳೆದ ಮೇಲೆ ಬರುತ್ತೇನೆ ಎಂದಿದ್ದಾರೆ.