ಕಾಯಿ, ಎಣ್ಣೆ ಮತ್ತು ಉಳಿದ ಅನ್ನದ ಲೆಕ್ಕ

ನಾನು ಉಡುಪಿಯ ಒಂದು ಸಹಕಾರಿ ಸಂಘದಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವಳು. ಇಪ್ಪತ್ತೆರಡು ವರ್ಷಗಳಿಂದ ಬೇರೆಯವರ ಜಮೆ-ಖರ್ಚನ್ನು ಪೈಸೆ ಬಿಡದೆ ತಾಳೆ ನೋಡುತ್ತ ಬಂದಿದ್ದರೂ, ನಮ್ಮ ಅಡುಗೆಮನೆಯಲ್ಲಿ ತಿಂಗಳಿಗೆ ಎಷ್ಟು ಎಣ್ಣೆ ಖರ್ಚಾಗುತ್ತದೆ ಎಂದು ಯಾರಾದರೂ ಕೇಳಿದ್ದರೆ, ನಲವತ್ತೇಳನೆಯ ವಯಸ್ಸಿನವರೆಗೂ ನನ್ನಲ್ಲಿ ಉತ್ತರವಿರಲಿಲ್ಲ.

2023ರ ನವೆಂಬರಿನಲ್ಲಿ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ 6.1 ಎಂದು ಬಂದಿತು. ಇದು ಹಿಂದಿನ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಪರೀಕ್ಷೆ, 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲಿನಲ್ಲಿದ್ದೇವೆ ಎಂದರ್ಥ. ನನ್ನ ಎತ್ತರ 155 ಸೆಂಟಿಮೀಟರ್, ಅಂದಿನ ತೂಕ 74.5 ಕಿಲೋ, ಸೊಂಟದ ಸುತ್ತಳತೆ 98 ಸೆಂಟಿಮೀಟರ್. ಭಾರತೀಯ ಹೆಂಗಸರಿಗೆ ಸೊಂಟದ ಸುತ್ತಳತೆ 80 ದಾಟಬಾರದು ಎಂದು ವೈದ್ಯರು ಹೇಳಿದಾಗ, ನಾನು ಮೊದಲು ಮಾಡಿದ ಕೆಲಸವೆಂದರೆ ಅಳತೆ ಪಟ್ಟಿ ಸರಿ ಇದೆಯೇ ಎಂದು ಅನುಮಾನಿಸಿದ್ದು.

ತೂಕ ಇಳಿಸುವ ಮೊದಲ ಪ್ರಯತ್ನವನ್ನು ಎರಡೇ ಮಾತಿನಲ್ಲಿ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ರಾತ್ರಿಯ ಊಟ ಬಿಟ್ಟೆ, ಬೆಳಿಗ್ಗೆ ಓಟ್ಸ್ ತಿಂದೆ, ಗ್ರೀನ್ ಟೀ ಕುಡಿದೆ. ಡಿಸೆಂಬರ್ ಕೊನೆಗೆ 71.4ಕ್ಕೆ ಇಳಿದೆ. ಜನವರಿ, ಫೆಬ್ರವರಿಯ ಮದುವೆ ಮತ್ತು ಭೂತಕೋಲದ ಊಟಗಳಲ್ಲಿ ಹಸಿದವಳಂತೆ ಉಂಡು 75.3ಕ್ಕೆ ಏರಿದೆ. ಮನೆಯ ಉಳಿದ ಮೂವರಿಗೆ ಒಂದು ಅಡುಗೆ, ನನಗೆ ಮಾತ್ರ ಬೇರೊಂದು ಎಂಬ ವ್ಯವಸ್ಥೆ ನಡೆಯುವಂಥದ್ದಲ್ಲ ಎಂಬುದಷ್ಟೇ ಅದರಿಂದ ತಿಳಿಯಿತು. ಎರಡು ಬಗೆ ಬೇಯಿಸುವವಳೂ ನಾನೇ, ನನ್ನ ಪಾಲಿನದು ಸಪ್ಪೆಯಾಗಿದೆ ಎಂದು ಇನ್ನೊಂದರಿಂದ ಒಂದು ಸೌಟು ಹಾಕಿಕೊಳ್ಳುವವಳೂ ನಾನೇ.

2024ರ ಮಾರ್ಚ್‌ನಲ್ಲಿ ಮತ್ತೆ ಆರಂಭಿಸುವ ಮೊದಲು, ಏನನ್ನೂ ಬಿಡದೆ, ಒಂದು ವಾರ ನಾನು ತಿಂದದ್ದನ್ನೆಲ್ಲ ಬರೆದಿಟ್ಟೆ. ಬಾಯಿಗೆ ಹೋದದ್ದೆಲ್ಲವೂ ಗಂಟೆ ಸಮೇತ ಬರಹಕ್ಕೆ ಬರಬೇಕು ಎಂಬುದೊಂದೇ ನಿಯಮ. ಆ ಪುಸ್ತಕ ಈಗಲೂ ನನ್ನ ಬಳಿ ಇದೆ. ಒಂದು ಬುಧವಾರದ ಪುಟದಲ್ಲಿ ಹೀಗಿದೆ: "ಬೆಳಿಗ್ಗೆ 7.10, ನೀರುದೋಸೆ ಮೂರು. 7.40, ಮಗ ಬಿಟ್ಟ ಒಂದೂವರೆ ನೀರುದೋಸೆ, ಚಟ್ನಿ ಸಮೇತ, ನಿಂತುಕೊಂಡು. 7.55, ಪಾತ್ರೆಯ ತಳದ ಚಟ್ನಿ, ಬೆರಳಿನಿಂದ." ಅದೇ ದಿನದ ರಾತ್ರಿ: "8.15, ಮಗನೊಂದಿಗೆ ಊಟ. 9.40, ಇವರು ಅಂಗಡಿ ಮುಚ್ಚಿ ಬಂದ ಮೇಲೆ ಅವರೊಂದಿಗೆ ಸ್ವಲ್ಪ. 10.05, ಉಳಿದ ಅನ್ನ ಒಂದು ಸೌಟು, ಹಾಳಾಗಬಾರದೆಂದು."

ವಾರದ ಕೊನೆಗೆ ಓದಿದಾಗ, ಕುಳಿತು ಉಂಡ ಮೂರು ಊಟಗಳಲ್ಲಿ ದೊಡ್ಡ ದೋಷವೇನೂ ಕಾಣಲಿಲ್ಲ. ದೋಷವಿದ್ದದ್ದು ನಿಂತು ತಿಂದದ್ದರಲ್ಲಿ ಮತ್ತು ಎರಡನೆಯ ಸಲದ ರಾತ್ರಿ ಊಟದಲ್ಲಿ. ಅನ್ನವನ್ನು ಚೆಲ್ಲಬಾರದು ಎಂಬ ಸಂಸ್ಕಾರದಲ್ಲಿ ಬೆಳೆದ ನಮ್ಮಂಥ ಹೆಂಗಸರು, ಚೆಲ್ಲುವ ಬದಲು ಅದನ್ನು ನಮ್ಮ ಹೊಟ್ಟೆಗೆ ಹಾಕಿಕೊಳ್ಳುತ್ತೇವೆ ಮತ್ತು ಅದನ್ನು ಊಟವೆಂದು ಎಂದೂ ಎಣಿಸುವುದಿಲ್ಲ. ಚಾ ಕುಡಿಯುವುದನ್ನೂ ನಾನು ಎಣಿಸಿರಲಿಲ್ಲ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ, ಚಮಚಕ್ಕೆ 5 ಗ್ರಾಂ. ಅಲ್ಲಿಗೆ 40 ಗ್ರಾಂ ಸಕ್ಕರೆ, 160 ಕ್ಯಾಲೊರಿ.

ಅನಂತರ ಎಣ್ಣೆಯ ಲೆಕ್ಕ. ಅಂಗಡಿಯ ಚೀಟಿಗಳನ್ನು ನೋಡಿದರೆ ನಾಲ್ಕು ಜನರ ಮನೆಗೆ ತಿಂಗಳಿಗೆ ನಾಲ್ಕು ಲೀಟರ್ ತೆಂಗಿನೆಣ್ಣೆ ಬರುತ್ತಿತ್ತು. ತಲೆಗೆ ಹಚ್ಚುವುದಕ್ಕೆ ಬೇರೆ ಬಾಟಲಿ ಇದೆ, ಇದು ಅಡುಗೆಯದ್ದು ಮಾತ್ರ. ತಲಾ ಒಂದು ಲೀಟರ್ ಎಂದರೆ ದಿನಕ್ಕೆ ಸುಮಾರು 30 ಗ್ರಾಂ. ಗ್ರಾಂಗೆ 9 ಕ್ಯಾಲೊರಿಯಂತೆ 270. ತೆಂಗಿನಕಾಯಿ ಇದಕ್ಕೆ ಸೇರಿರಲಿಲ್ಲ. ದಿನಕ್ಕೊಂದು ಕಾಯಿ ನಮ್ಮ ಮನೆಯ ವಾಡಿಕೆ. ತುರಿದು ತೂಗಿದಾಗ 240 ಗ್ರಾಂ ಇತ್ತು. ಹಸಿ ಕಾಯಿತುರಿಯ 100 ಗ್ರಾಂನಲ್ಲಿ ಸುಮಾರು 350 ಕ್ಯಾಲೊರಿ ಇರುತ್ತದೆ. ಅಂದರೆ ತಲಾ 200ಕ್ಕಿಂತ ಹೆಚ್ಚು ಕ್ಯಾಲೊರಿ ಕಾಯಿಯಿಂದಲೇ ಬರುತ್ತಿತ್ತು. ಕಾಯಿಯನ್ನು ದೂರುವುದು ನನ್ನ ಉದ್ದೇಶವಲ್ಲ, ಈ ಕರಾವಳಿಯಲ್ಲಿ ಹುಟ್ಟಿದವಳು ಹಾಗೆ ದೂರಲಾರೆ. ಆದರೆ ಕೈಯಳತೆಯಲ್ಲಿ ಹಾಕುವ ವಸ್ತುವಿಗೆ ಲೆಕ್ಕವಿರುವುದಿಲ್ಲ ಎಂಬುದು ಲೆಕ್ಕದವಳಾದ ನನಗೆ ಅಂದೇ ಹೊಳೆದದ್ದು.

ಕಾಯಿಯನ್ನು ಅರ್ಧಕ್ಕೆ ಇಳಿಸುವುದೆಂದರೆ ಅತ್ತೆಯವರ ಅಧಿಕಾರಕ್ಕೆ ಕೈ ಹಾಕಿದಂತೆ. ಎಂಬತ್ತರ ಹತ್ತಿರದ ಅವರು ಇಂದಿಗೂ ಕಾಯಿಯನ್ನು ತಾವೇ ಒಡೆದು ತುರಿಯುತ್ತಾರೆ. ನಾನು ಒಂದು ಕಡಿಯನ್ನು, ಅಂದರೆ ಒಡೆದ ಕಾಯಿಯ ಅರ್ಧವನ್ನು, ಎತ್ತಿ ಫ್ರಿಜ್ಜಿನಲ್ಲಿಟ್ಟ ಮೊದಲ ದಿನ, "ಕಾಯಿಯನ್ನೂ ಠೇವಣಿ ಇಡುತ್ತೀಯಾ ನೀನು?" ಎಂದು ಕೇಳಿದರು. ನನಗೆ ನಗು ಬಂದರೂ, "ಅತ್ತೆ, ನೀವು ಸಣ್ಣವರಿರುವಾಗ ದಿನಾ ಕಾಯಿ ಕಡೆಯುತ್ತಿದ್ದಿರಾ?" ಎಂದು ಕೇಳಿದೆ. "ಎಲ್ಲಿಯ ಕಾಯಿ ಮಗಾ! ಕಾಯಿ ಅಂಗಡಿಗೆ ಹೋಗುತ್ತಿತ್ತು. ಹಬ್ಬಕ್ಕೆ, ನೆಂಟರು ಬಂದರೆ, ಅಷ್ಟೆ. ಉಳಿದ ದಿನ ಹುರುಳಿ ಸಾರು, ಬೋಳು ಹುಳಿ. ಮಳೆಗಾಲದಲ್ಲಿ ಗಂಜಿಗೆ ಒಂದು ತುಂಡು ಸುಟ್ಟ ಒಣಮೀನು," ಎಂದರು.

ಹಿಂದಿನವರು ಗಂಜಿ ಉಂಡೂ ಸಪೂರವಿದ್ದರು, ಏಕೆಂದರೆ ಗದ್ದೆಯಲ್ಲಿ ದುಡಿಯುತ್ತಿದ್ದರು ಎಂದು ನಾವೆಲ್ಲರೂ ಹೇಳುತ್ತೇವೆ. ಅದು ನಿಜವೇ. ಆದರೆ ಅವರ ಬಟ್ಟಲಿನಲ್ಲಿ ಕಾಯಿಯೂ ಇರಲಿಲ್ಲ ಎಂಬ ಸಂಗತಿಯನ್ನು ಯಾರೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅತ್ತೆಯವರ ಆ ಒಂದು ಉತ್ತರ ನನ್ನ ಕೆಲಸವನ್ನು ಸುಲಭ ಮಾಡಿತು. ಹೊಸ ಅಡುಗೆಯನ್ನು ಮನೆಗೆ ತರುವ ಬದಲು ಅವರ ಹಳೆಯ ಅಡುಗೆಯನ್ನೇ ಅವರಿಂದ ಕೇಳಿ ಮಾಡತೊಡಗಿದೆ. ವಾರದಲ್ಲಿ ಮೂರು ದಿನ ಕಾಯಿ ಹಾಕದ ಪದಾರ್ಥ: ಒಂದು ದಿನ ಹುರುಳಿ ಸಾರು, ಒಂದು ದಿನ ಬೆಳ್ಳುಳ್ಳಿ ಒಗ್ಗರಣೆಯ ಬೋಳು ಹುಳಿ, ಒಂದು ದಿನ ಬಂಗುಡೆಯ ಪುಳಿಮುಂಚಿ. ಪುಳಿಮುಂಚಿಗೆ ಹುಣಸೆಹುಳಿ ಮತ್ತು ಮೆಣಸೇ ಮುಖ್ಯ, ಕಾಯಿಯ ಅಗತ್ಯವೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ಬಂಗುಡೆಗೆ ಕಾಯಿ ಅರೆದ ಗಸಿಗಿಂತಲೂ ಅದೇ ಹೆಚ್ಚು ಒಪ್ಪುತ್ತದೆ. ಉಳಿದ ದಿನಗಳಲ್ಲಿ ಒಂದೇ ಕಡಿ ಕಾಯಿ. ಭಾನುವಾರದ ಕೋರಿ ರೊಟ್ಟಿಯ ಕೋಳಿ ಸಾರಿಗೆ ಮಾತ್ರ ಕಾಯಿಯ ಲೆಕ್ಕವಿಲ್ಲ, ಆದರೆ ಅದು ತಿಂಗಳಿಗೆ ಎರಡೇ ಸಲ. ಎಣ್ಣೆಗೆ ಒಲೆಯ ಪಕ್ಕದಲ್ಲಿ ಒಂದು ಸ್ಟೀಲಿನ ಸಣ್ಣ ಡಬ್ಬಿ ಇಟ್ಟು, ದಿನದ ಪಾಲನ್ನು ಬೆಳಿಗ್ಗೆಯೇ ಅದಕ್ಕೆ ಅಳೆದು ಹಾಕಿದೆ. ಈಗ ತಿಂಗಳಿಗೆ ಎರಡೂವರೆ ಲೀಟರ್ ಸಾಕಾಗುತ್ತದೆ, ಮನೆಯಲ್ಲಿ ಯಾರೂ ರುಚಿ ಕೆಟ್ಟಿತೆಂದು ಹೇಳಿಲ್ಲ.

ಕುಚ್ಚಲಕ್ಕಿ ಅನ್ನವನ್ನು ನಾನು ಬಿಡಲಿಲ್ಲ. ಬಟ್ಟಲಿಗೆ ಮೊದಲು ತೊಂಡೆಕಾಯಿ, ಅಲಸಂಡೆ ಅಥವಾ ಬಸಳೆಯಂಥ ತರಕಾರಿ ಎರಡು ಸೌಟು, ಮೀನು ಅಥವಾ ಕಾಳು ಒಂದು ಸೌಟು, ಕೊನೆಗೆ ಅನ್ನ ಒಂದೂವರೆ ಸೌಟು ಎಂಬ ಕ್ರಮ ಮಾಡಿಕೊಂಡೆ. ಅನ್ನವನ್ನು ಮೊದಲು ಬಡಿಸಿಕೊಂಡರೆ ಉಳಿದದ್ದಕ್ಕೆ ಬಟ್ಟಲಿನಲ್ಲಿ ಜಾಗವೇ ಇರುವುದಿಲ್ಲ. ರಾತ್ರಿ ಹೆಚ್ಚಾಗಿ ಗಂಜಿ. ತಿಳಿಯೊಂದಿಗೆ ಉಂಡಾಗ ಕಡಿಮೆ ಅನ್ನದಲ್ಲೇ ಹೊಟ್ಟೆ ತುಂಬುತ್ತದೆ. ಇದರಲ್ಲಿ ಒಂದು ತಪ್ಪನ್ನೂ ಮಾಡಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ 61 ದಿನ ಮಲ್ಪೆಯ ತಾಜಾ ಮೀನು ಕಡಿಮೆಯಾಗಿ ದರ ಏರುತ್ತದೆ. ಆಗ ಗಂಜಿಗೆ ದಿನವೂ ಒಣಮೀನು ಮತ್ತು ಮಾವಿನ ಮಿಡಿ ಉಪ್ಪಿನಕಾಯಿ ಹಾಕಿಕೊಂಡೆ. ತೂಕ ಇಳಿಯಿತು, ರಕ್ತದೊತ್ತಡ ಏರಿತು. ದಿನಕ್ಕೆ ಒಟ್ಟು 5 ಗ್ರಾಂ ಉಪ್ಪು ಮೀರಬಾರದು ಎಂದು ವೈದ್ಯರು ಎಚ್ಚರಿಸಿದ ಮೇಲೆ, ಮಳೆಗಾಲದ ಗಂಜಿಗೆ ಹೆಸರುಕಾಳಿನ ಪಲ್ಯ ಅಥವಾ ಬೇಯಿಸಿದ ಮೊಟ್ಟೆ ಬಂದವು.

ರಾತ್ರಿಯ ಎರಡನೆಯ ಊಟವನ್ನು ಬಿಡುವುದು ಎಲ್ಲಕ್ಕಿಂತ ಕಷ್ಟವಾಯಿತು, ಏಕೆಂದರೆ ಅದು ಹಸಿವಿನ ಊಟವಾಗಿರಲಿಲ್ಲ. ದಿನವಿಡೀ ಅಂಗಡಿಯಲ್ಲಿರುವ ಗಂಡನೊಂದಿಗೆ ನಾನು ಮಾತನಾಡುವ ಹೊತ್ತು ಅದೊಂದೇ. "ನೀನು ಉಣ್ಣದೆ ಎದುರು ಕುಳಿತರೆ ನನಗೆ ಗಂಟಲಲ್ಲಿ ಇಳಿಯುವುದಿಲ್ಲ ಮಾರಾಯ್ತಿ" ಎಂದು ಅವರು ಎರಡು ದಿನ ಹೇಳಿದರು. ಮೂರನೆಯ ದಿನದಿಂದ ನಾನು ಒಂದು ಲೋಟ ನೀರುಮಜ್ಜಿಗೆ ಹಿಡಿದು ಕುಳಿತೆ. ಕೈಯಲ್ಲಿ ಏನಾದರೂ ಇದ್ದರೆ ಸಾಕಿತ್ತೆಂದು ಕಾಣುತ್ತದೆ, ಆ ಮಾತು ಮತ್ತೆ ಬರಲಿಲ್ಲ. ಉಳಿದ ಅನ್ನಕ್ಕೂ ಒಂದು ದಾರಿ ಮಾಡಿದೆ: ಅಕ್ಕಿಯನ್ನು ಅರ್ಧ ಪಾವು ಕಡಿಮೆ ಹಾಕಿದೆ. ಮೊದಲ ವಾರ ಎರಡು ಸಲ ಅನ್ನ ಸಾಲದೆ ಹೋಗಿ ಅತ್ತೆಯವರಿಗೆ ಅವಮಾನವಾದಂತಾಯಿತು. ಆ ಹೊತ್ತಿಗೆಂದು ಅವಲಕ್ಕಿ ಡಬ್ಬಿಯನ್ನು ಕೈಗೆಟುಕುವಲ್ಲಿ ಇಟ್ಟೆ.

ನಡಿಗೆಯ ಬಗ್ಗೆ ಜನರು ಹೆಚ್ಚು ಕೇಳುತ್ತಾರೆ, ಆದರೆ ತೂಕ ಇಳಿಸಿದ್ದು ಅಡುಗೆಮನೆ ಎಂದೇ ನಾನು ನಂಬಿದ್ದೇನೆ. ನಡಿಗೆ ಸಕ್ಕರೆಯನ್ನೂ ನಿದ್ರೆಯನ್ನೂ ಸರಿಪಡಿಸಿತು. ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಬೇಕು ಎಂಬ ವೈದ್ಯರ ಮಾತನ್ನು ಐದು ದಿನಗಳಿಗೆ ಹಂಚಿ, ಬೆಳಿಗ್ಗೆ ಆರಕ್ಕೆ ಅಜ್ಜರಕಾಡಿನ ಭುಜಂಗ ಪಾರ್ಕಿನಲ್ಲಿ ಅರ್ಧ ಗಂಟೆ ನಡೆದೆ. ಆರಂಭದ ಉತ್ಸಾಹದಲ್ಲಿ ಮಣಿಪಾಲದ ಏರುರಸ್ತೆಯನ್ನೂ ಹತ್ತಲು ಹೋಗಿ ಮಂಡಿ ನೋವು ತಂದುಕೊಂಡೆ. ಜೂನ್ ಕೊನೆಯಲ್ಲಿ, ಮಳೆ ಬಿಡದ ಒಂದು ವಾರ, ಅಂಗಳದಲ್ಲೇ ನಡೆಯೋಣವೆಂದು ಕೊಡೆ ಹಿಡಿದು ಇಳಿದವಳು ಕೆಂಪುಕಲ್ಲಿನ ಹಾವಸೆಯ ಮೇಲೆ ಜಾರಿ ಬಿದ್ದೆ. ಪಾದ ಉಳುಕಿ ಹದಿನೆಂಟು ದಿನ ಮನೆಯೊಳಗೆ ಕುಳಿತೆ. ಆಗ ಫಿಸಿಯೋಥೆರಪಿಯವರು ಕಲಿಸಿದ್ದು, ಪಾದದ ನೋವು ಕಡಿಮೆಯಾದ ಮೇಲೆ, ಕೈ ಊರದೆ ಕುರ್ಚಿಯಿಂದ ಏಳುವುದು ಮತ್ತು ನಿಧಾನವಾಗಿ ಕುಳಿತುಕೊಳ್ಳುವುದು. ಮೊದಲ ದಿನ ನಾಲ್ಕಕ್ಕೇ ತೊಡೆ ನಡುಗಿತು. ಈಗ ಕುಕ್ಕರ್ ಕೂಗುವ ಮೊದಲು ಹದಿನೈದು, ಕೂಗಿದ ಮೇಲೆ ಹದಿನೈದು ಮಾಡುತ್ತೇನೆ. ಮಂಡಿ ನೋವು ಇಲ್ಲವೇ ಇಲ್ಲ ಎನ್ನಬಹುದು. ಮಳೆಗಾಲದ ನಡಿಗೆ ಜಗಲಿಯಿಂದ ಹಿತ್ತಿಲ ಬಾಗಿಲಿನವರೆಗೆ, ಮನೆಯೊಳಗೇ.

ಆಗಸ್ಟ್‌ನಲ್ಲಿ 70 ಕಿಲೋ ಮುಟ್ಟಿದ ತೂಕ ಡಿಸೆಂಬರ್‌ವರೆಗೆ ಅಲ್ಲೇ ನಿಂತಿತು. ಅಷ್ಟಮಿಯ ಉಂಡೆ, ಚಕ್ಕುಲಿಗಳೇ ಕಾರಣವೆಂದು ಮೊದಲು ಭಾವಿಸಿದೆ, ಆದರೆ ನಾಲ್ಕು ತಿಂಗಳು ಚಕ್ಕುಲಿ ಉಳಿಯುವುದಿಲ್ಲ. ಪುಸ್ತಕವನ್ನು ಮತ್ತೆ ಒಂದು ವಾರ ಬರೆದಾಗ ಸಿಕ್ಕಿದ್ದು ಸಂಜೆಯ ಗೋಳಿಬಜೆ, ಎಣ್ಣೆಯಲ್ಲಿ ಕರಿದ ಮೈದಾ ಬಜೆ. ಕಚೇರಿಯಲ್ಲಿ ಚಾದೊಂದಿಗೆ ಬರುವ ತಟ್ಟೆ, "ಎರಡೇ" ಎಂದುಕೊಂಡು ತಿಂದದ್ದು ವಾರಕ್ಕೆ ಹದಿನಾಲ್ಕಾಗಿತ್ತು. ಸಂಜೆಗೆ ಹುರಿದ ಕಡಲೆ ಒಂದು ಮುಷ್ಟಿ ಕಟ್ಟಿಕೊಂಡು ಹೋಗತೊಡಗಿದೆ. ಒಂದು ಸಮಾಧಾನವೆಂದರೆ, ತೂಕ ನಿಂತ ಆ ತಿಂಗಳುಗಳಲ್ಲೂ ಸೊಂಟದ ಅಳತೆ 94ರಿಂದ 91ಕ್ಕೆ ಇಳಿದಿತ್ತು. ತೂಕದ ಯಂತ್ರವನ್ನು ಮಾತ್ರ ನಂಬಿದ್ದರೆ ಆಗಲೇ ಕೈಬಿಡುತ್ತಿದ್ದೆ.

ಮಧುಮೇಹಕ್ಕೆ ಈಗಾಗಲೇ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟವನ್ನು ಹೀಗೆ ಕಡಿಮೆ ಮಾಡುವ ಮೊದಲು ತಮ್ಮ ವೈದ್ಯರನ್ನು ಕೇಳಲೇಬೇಕು. ಸಕ್ಕರೆ ತೀರಾ ಇಳಿದುಬಿಡಬಹುದು. ನನಗೆ ಮಾತ್ರೆ ಆರಂಭವಾಗಿರಲಿಲ್ಲ.

ಇದನ್ನು ಬರೆಯುತ್ತಿರುವ 2025ರ ಜುಲೈಯಲ್ಲಿ ನನ್ನ ತೂಕ 66.2, ಸೊಂಟ 89, ಎಚ್‌ಬಿಎ1ಸಿ 5.6. ವೈದ್ಯರ ಪಟ್ಟಿಯ ಪ್ರಕಾರ ನಾನು ಈಗಲೂ ದಪ್ಪದವಳೇ. ತುಳುವರ ಮಳೆಗಾಲದ ಆಟಿ ತಿಂಗಳಾದ್ದರಿಂದ ನಿನ್ನೆ ಪತ್ರೊಡೆ ಮಾಡಿದೆವು. ಕೆಸುವಿನ ಎಲೆಗೆ ಹಿಟ್ಟು ಹಚ್ಚುತ್ತಿದ್ದ ಅತ್ತೆಯವರು ತಲೆಯೆತ್ತದೆ, "ಇವತ್ತು ಒಂದು ಕಡಿಯೋ, ಇಡೀ ಕಾಯಿಯೋ?" ಎಂದು ಕೇಳಿದರು. ಪತ್ರೊಡೆಗೆ ಇಡೀ ಕಾಯಿಯೇ ಇರಲಿ ಎಂದೆ.