ಭಾವನ ಬೆಂಗಳೂರು ಓಡಾಟಕ್ಕೆ ನಾನು ದುಡ್ಡು ಹೊಂದಿಸಿದ್ದು

ಭಾವನ ಕ್ಯಾನ್ಸರ್ ಚಿಕಿತ್ಸೆಯ ಓಡಾಟಕ್ಕೆ ಜನರ ಹತ್ತಿರ ಆರು ಲಕ್ಷ ಕೇಳಿದಾಗ 14 ಸಾವಿರ ಬಂತು. ಆಟೋ ಬಾಡಿಗೆ 300 ರೂಪಾಯಿ ಅಂತ ಕೇಳಿದೆ, ವರ್ಷವಿಡೀ ಬಂತು. ಇಷ್ಟೇ ವಿಷಯ. ಆದರೆ ಇದನ್ನು ಶುರು ಮಾಡುವಾಗ ಮನೆಯವರೂ ನಂಬಲಿಲ್ಲ, ಗೆಳೆಯರೂ ನಂಬಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಬ್ಯಾಡಗಿ ತಾಲ್ಲೂಕಿನ ಹಳ್ಳಿ. ಅಕ್ಕನ ಗಂಡನಿಗೆ ಮಿದುಳಲ್ಲಿ ಗಡ್ಡೆ. ಗ್ಲಿಯೊಬ್ಲಾಸ್ಟೋಮಾ, ಗ್ರೇಡ್ 4, ಅಂದರೆ ಬೇಗ ಬೆಳೆಯುವ ಮಿದುಳಿನ ಕ್ಯಾನ್ಸರ್. ಆಪರೇಷನ್ ಆಯಿತು, ಆಮೇಲೆ ರೇಡಿಯೇಷನ್‌ಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ. ಈ ದಾರಿಯಲ್ಲಿ ಇರುವವರಿಗೆ ಮುಂದಿನದು ಗೊತ್ತೇ ಇದೆ: ಸೋಮವಾರದಿಂದ ಶುಕ್ರವಾರ, 30 ಸಲ, ಜೊತೆಗೆ ಟೆಮೊಜೊಲೊಮೈಡ್ ಅನ್ನುವ ಕೀಮೋ ಮಾತ್ರೆ. ಅದು ಮುಗಿದ ಮೇಲೆ 28 ದಿನಕ್ಕೊಮ್ಮೆ ಐದು ದಿನ ಮಾತ್ರೆ, ನಡುನಡುವೆ ಎಂಆರ್‌ಐ. ಚಿಕಿತ್ಸೆಯ ಖರ್ಚಿಗೆ ಆರೋಗ್ಯ ಕಾರ್ಡ್ ಇತ್ತು. ಕಾರು, ಆಟೋ, ರೂಮು, ಊಟಕ್ಕೆ ಯಾವ ಕಾರ್ಡೂ ಇರಲಿಲ್ಲ. ಹಾವೇರಿಯಿಂದ ಬೆಂಗಳೂರು ಸುಮಾರು 340 ಕಿ.ಮೀ. ಭಾವನಿಗೆ ಫಿಟ್ಸ್ ಬರುತ್ತಿತ್ತು, ಬಲಗೈ ಬಲಗಾಲು ಸೋತಿದ್ದವು. ಬಸ್ಸಲ್ಲಿ ಕೂರಿಸಿಕೊಂಡು ಹೋಗುವ ಹಾಗೇ ಇರಲಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಆನ್‌ಲೈನ್‌ನಲ್ಲಿ ಒಂದು ಪೇಜ್ ತೆರೆದೆ. ಆಸ್ಪತ್ರೆಯ ಹಾಸಿಗೆ ಮೇಲಿನ ಫೋಟೋ ಹಾಕಿ ಆರು ಲಕ್ಷ ಅಂತ ಬರೆದೆ. ಅಲ್ಲಿ ಬಂದ 14 ಸಾವಿರದಲ್ಲಿ ಮುಕ್ಕಾಲು ನಮ್ಮ ನೆಂಟರದೇ. ಅವರು ನೇರ ಅಕ್ಕನ ಕೈಗೆ ಕೊಟ್ಟಿದ್ದರೆ ಕಮಿಷನ್ ಆದರೂ ಉಳಿಯುತ್ತಿತ್ತು. ಆ ಫೋಟೋ ಭಾವನಿಗೆ ಯಾರೋ ತೋರಿಸಿದರು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. "ಊರ ಮುಂದ ನನ್ನ ಹಿಂಗ ಮಲಗಿಸಿ ತೋರಿಸಬ್ಯಾಡ ತಮ್ಮಾ" ಅಂದದ್ದು ಇವತ್ತಿಗೂ ಕಿವಿಯಲ್ಲಿದೆ. ಅವತ್ತೇ ಪೇಜ್ ತೆಗೆದೆ.

ಆಮೇಲೆ ಊರಿನ ಹುಡುಗರು ಸಹಾಯಾರ್ಥ ನಾಟಕ ಆಡೋಣ ಅಂದರು. ಮನಸ್ಸು ದೊಡ್ಡದು, ಲೆಕ್ಕ ತಪ್ಪಿತು. ಸ್ಟೇಜು, ಸೀನರಿ, ಮೈಕು, ಜನರೇಟರ್, ಪಾತ್ರದವರ ಸಂಭಾವನೆ ಸೇರಿ 40 ಸಾವಿರ ದಾಟಿತು. ಅರ್ಧಕ್ಕೆ ಮಳೆ ಬಂತು. ಟಿಕೆಟ್ ದುಡ್ಡು 34 ಸಾವಿರದ ಹತ್ತಿರ. ಉಳಿದ ಆರು ಸಾವಿರ ನಾವೇ ಕೈಯಿಂದ ಕಟ್ಟಿದೆವು. ಭಾವನಿಗೆ ಆ ವಾರ ಬೆಂಗಳೂರಿಗೆ ಹೋಗಲು ನಾನು ಮೂರರ ಬಡ್ಡಿಗೆ ಸಾಲ ತಂದೆ.

ರೇಡಿಯೇಷನ್ ಹೊತ್ತಿನಲ್ಲಿ ಇನ್ನೊಂದು ಪೆಟ್ಟು. ಆರು ವಾರ ಅಂತ ಲೆಕ್ಕ ಹಾಕಿದ್ದೆ. ಹಬ್ಬ, ಸರ್ಕಾರಿ ರಜೆ ಬಂದು ಏಳು ವಾರ ಆಯಿತು. ಶನಿವಾರ ಭಾನುವಾರ ಚಿಕಿತ್ಸೆ ಇಲ್ಲ, ಬಾಡಿಗೆ ಮಾತ್ರ ಇದೆ. ಧರ್ಮಶಾಲೆಯಲ್ಲಿ ಜಾಗ ಸಿಗುವ ತನಕ ಹೊರಗೆ ದಿನಕ್ಕೆ 500 ಕೊಟ್ಟೆವು. ಮೊದಲ ದಿನವೇ ಹೋಗಿ ಹೆಸರು ಬರೆಸಿ, ಆಮೇಲೆ ದಿನಾ ಬೆಳಗ್ಗೆ ಹೋಗಿ ಮುಖ ತೋರಿಸಿ. ನಾವು ಹೆಸರು ಬರೆಸಿ ಸುಮ್ನೆ ಕೂತು ಒಂಬತ್ತು ದಿನ ಕಳೆದುಕೊಂಡೆವು. ಆ ಏಳು ವಾರಕ್ಕೆ ಒಟ್ಟು 42 ಸಾವಿರ ಆಗಿರಬೇಕು.

ದಾರಿ ಹೊಳೆದದ್ದು ಆ ರೂಮಿನಲ್ಲೇ. ರಾತ್ರಿ ಖರ್ಚು ಬರೆಯುತ್ತಿದ್ದೆ. ನನ್ನ ಹತ್ತನೇ ಕ್ಲಾಸಿನ ಗೆಳೆಯ ಫೋನ್ ಮಾಡಿ, "ಏನಾದ್ರೂ ಬೇಕಾದ್ರ ಹೇಳೋ" ಅಂದ. ಎಲ್ಲರೂ ಹೀಗೇ ಕೇಳುತ್ತಾರೆ, ನಾವು "ಏನಿಲ್ಲ ಬಿಡು" ಅನ್ನುತ್ತೇವೆ, ಅಲ್ವಾ? ಅವತ್ತು ಮಾತ್ರ, "ನಾಳೆ ರೂಮಿಂದ ಆಸ್ಪತ್ರೆಗೆ ಆಟೋ, ಹೋಗಿ ಬರಲು 120" ಅಂದೆ. ಮರುಗಳಿಗೆ ದುಡ್ಡು ಬಂತು. ಶುಕ್ರವಾರದ ತನಕದ್ದೂ ಸೇರಿಸಿ ಕಳಿಸಿದ್ದ.

ಅಲ್ಲಿಂದ ಒಟ್ಟು ಮೊತ್ತ ಹೇಳುವುದನ್ನೇ ಬಿಟ್ಟೆ. ತಿಂಗಳ ಟ್ರಿಪ್ಪನ್ನು ತುಂಡು ಮಾಡಿದೆ. ಮನೆಯಿಂದ ಹಾವೇರಿ ಸ್ಟೇಷನ್‌ಗೆ ಕಾರು 600, ಬೆಂಗಳೂರಲ್ಲಿ ಆಟೋ 300, ರೂಮು 500, ಊಟ 600, ವಾಪಸ್ ಬರುವಾಗ ಮತ್ತೆ ಆಟೋ, ಕಾರು, ಸಣ್ಣಪುಟ್ಟ ಖರ್ಚು ಎಲ್ಲಾ ಸೇರಿ 3,200ರಿಂದ 3,500. "12ನೇ ತಾರೀಕು ಹೊರಡುತ್ತೇವೆ. ಯಾರು ಯಾವುದು ಹಿಡಿಯುತ್ತೀರಿ?" ಅಂತ ವಾಟ್ಸಾಪ್‌ನಲ್ಲಿ ಹಾಕಿದೆ. ಫೋಟೋ ಇಲ್ಲ, ಅಳು ಇಲ್ಲ. "ಮುನ್ನೂರು ಐನೂರು ಕೇಳಿದ್ರೆ ಯಾವ ಕಾಲಕ್ಕೆ ಮುಗಿತದ?" ಅಂತ ಮಾವ ಬೈದರು. ಮೊದಲ ಟ್ರಿಪ್ಪಿನ ತುಂಡುಗಳು ಒಂದೂವರೆ ತಾಸಿನಲ್ಲಿ ಖಾಲಿ. ಒಬ್ಬ ನಿವೃತ್ತ ಮೇಷ್ಟ್ರು "ಊಟ ಯಾವತ್ತೂ ನನ್ನದು, ಬೇರೆಯವರಿಗೆ ಕೊಡಬ್ಯಾಡ" ಅಂದರು. ಇವತ್ತಿಗೂ ಅವರದೇ.

ಎರಡನೇ ಟ್ರಿಪ್ಪಿನಲ್ಲಿ ಪರಿಚಯದವರೊಬ್ಬರು ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಬಿಟ್ಟರು. ಆಟೋ ಹಿಡಿದಿದ್ದ ಹುಡುಗನಿಗೆ 300 ವಾಪಸ್ ಹಾಕಿದೆ. ಅವನು ಅದನ್ನು ಹತ್ತು ಜನಕ್ಕೆ ಹೇಳಿದ. ನನಗೆ ಜನ ಸಿಕ್ಕಿದ್ದು ಆ 300 ರೂಪಾಯಿಯಿಂದ. ಪ್ರತಿ ಟ್ರಿಪ್ ಮುಗಿದ ಮೇಲೆ ಲೆಕ್ಕದ ಪುಸ್ತಕದ ಹಾಳೆಯ ಫೋಟೋ ಹಾಕುತ್ತೇನೆ. ಮೆಸೇಜನ್ನು ಯಾವ ವಾರ, ಯಾವ ಹೊತ್ತಿಗೆ ಹಾಕುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಎಲ್ಲರೂ ಅದೇ ಹೊತ್ತಿಗೆ ಹಾಕಿದರೆ ಯಾರಿಗೂ ಸಿಗುವುದಿಲ್ಲ. ದುಡ್ಡು ಕೇಳಲು ಮೆಣಸಿನಕಾಯಿ ದಲಾಲರ ಹತ್ತಿರ ಹೇಗೆ ಮಾತಾಡಿದೆ ಅನ್ನುವುದೂ ನನ್ನ ಹತ್ತಿರವೇ ಇರಲಿ.

ಮೆಣಸಿನಕಾಯಿ ಅಂದಾಗ ನೆನಪಾಯಿತು. ಹೇಗೂ ಬೆಂಗಳೂರಿಗೆ ಹೋಗುತ್ತೇವಲ್ಲ ಅಂತ ಬ್ಯಾಡಗಿ ಖಾರದಪುಡಿ ಒಯ್ದು ಮಾರಿದೆ. ಕಿಲೋಕ್ಕೆ 100 ರೂಪಾಯಿ ಉಳಿಯಿತು. ಆದರೆ ಒಂದು ಕೈಯಲ್ಲಿ 12 ಕಿಲೋ ಚೀಲ, ಇನ್ನೊಂದು ಕೈಯಲ್ಲಿ ಭಾವ. ಪ್ಲಾಟ್‌ಫಾರ್ಮ್ ಮೇಲೆ ಅವರು ಎಡವಿದರು. ಆವತ್ತೇ ನಿಲ್ಲಿಸಿದೆ. ಈಗ ಮೊದಲೇ ಆರ್ಡರ್ ಹಿಡಿದು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಬಸ್ ಪಾರ್ಸೆಲ್‌ನಲ್ಲಿ ಕಳಿಸುತ್ತೇವೆ. ರೊಟ್ಟಿ ಹಗುರ, ಕೆಡುವುದಿಲ್ಲ. ಇದರಿಂದ ಒಂಬತ್ತು ಸಾವಿರ ಬಂದಿರಬಹುದು.

ಕೂಡಿಸುವುದಕ್ಕಿಂತ ಉಳಿಸಿದ್ದೇ ಜಾಸ್ತಿ ಕೆಲಸಕ್ಕೆ ಬಂತು. ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಮೂಲ ದರ ಪೂರ್ತಿ ಮಾಫಿ, ಜೊತೆಯವರಿಗೆ ಮುಕ್ಕಾಲು ರಿಯಾಯಿತಿ. ಆದರೆ ಆಸ್ಪತ್ರೆ ಕೊಡುವ ರಿಯಾಯಿತಿ ಫಾರ್ಮ್ ಹಿಡಿದು ಕೌಂಟರ್‌ಗೇ ಹೋಗಬೇಕು. ಒಂದು ಕೌಂಟರ್‌ನಲ್ಲಿ ಫಾರ್ಮ್ ಮೇಲೆ ಸೀಲ್ ಸರಿಯಾಗಿ ಮೂಡಿಲ್ಲ ಅಂತ ವಾಪಸ್ ಕಳಿಸಿದರು. ಒಂದು ಟ್ರಿಪ್ಪಿನ ಟಿಕೆಟ್ ಪೂರ್ತಿ ದುಡ್ಡು ಕೊಟ್ಟು ತೆಗೆಸಿದೆವು. ಆಸ್ಪತ್ರೆ ಬಿಡುವ ಮುಂಚೆ ಸೀಲು, ಸಹಿ, ಹೆಸರಿನ ಅಕ್ಷರ ನೋಡಿಕೊಳ್ಳಿ. ಇನ್ನೊಂದು ಲೆಕ್ಕ ನಾನೇ ಹಾಕಿದ್ದು: ಮಾತ್ರೆಯ ಎರಡು ಸುತ್ತು ಅಂದರೆ 56 ದಿನ. ರೈಲಿನ ಮುಂಗಡ ಬುಕಿಂಗ್ 60 ದಿನ. ಹಾಗಾಗಿ ರಾಣಿ ಚೆನ್ನಮ್ಮ ರೈಲಿನಲ್ಲಿ ಯಾವಾಗಲೂ ಎರಡು ಟ್ರಿಪ್ ಮುಂದಿನ ಟಿಕೆಟ್ ನನ್ನ ಕೈಯಲ್ಲಿರುತ್ತದೆ. ವೇಟಿಂಗ್ ಲಿಸ್ಟ್ ಅನ್ನುವುದನ್ನು ನಾವು ನೋಡೇ ಇಲ್ಲ. ಬರೀ ರಿಪೋರ್ಟ್ ತರುವುದಿದ್ದರೆ ಅಕ್ಕ ಒಬ್ಬಳೇ ಕೆಂಪು ಬಸ್ಸಿನಲ್ಲಿ ಹೋಗುತ್ತಾಳೆ. ಶಕ್ತಿ ಯೋಜನೆಯಲ್ಲಿ ಅವಳಿಗೆ ಟಿಕೆಟ್ ಉಚಿತ.

ಒಂದು ಸಲ ಕಿದ್ವಾಯಿಗೆ ಹೋದ ಮೇಲೆ ರಕ್ತದಲ್ಲಿ ಪ್ಲೇಟ್‌ಲೆಟ್ ಕಡಿಮೆ ಅಂತ ಗೊತ್ತಾಗಿ ಮಾತ್ರೆ ಮುಂದಕ್ಕೆ ಹೋಯಿತು. 3,400 ರೂಪಾಯಿ ದಂಡ. ಅದಾದ ಮೇಲೆ ಡಾಕ್ಟರನ್ನೇ ಕೇಳಿ, ಎರಡು ದಿನ ಮುಂಚೆ ಹಾವೇರಿಯಲ್ಲೇ ರಕ್ತ ಪರೀಕ್ಷೆ ಮಾಡಿಸಿ ರಿಪೋರ್ಟ್ ಫೋನಿನಲ್ಲಿ ಕಳಿಸಿ, ಅವರು "ಬನ್ನಿ" ಅಂದ ಮೇಲೇ ಹೊರಡುವುದು.

ಹನ್ನೊಂದು ತಿಂಗಳಿಗೆ ಹೆಚ್ಚುಕಡಿಮೆ ಒಂದು ಲಕ್ಷ ಖರ್ಚಾಗಿದೆ. ಅದರಲ್ಲಿ ರಾತ್ರೋರಾತ್ರಿ ಮಾಡಿದ ಆಂಬುಲೆನ್ಸ್‌ನದೇ 14 ಸಾವಿರ. ತುಂಡು ತುಂಡಾಗಿ 70 ಸಾವಿರದ ಮೇಲೆ ಬಂತು. ದುಡ್ಡಿಲ್ಲ ಅಂತ ಒಂದೇ ಒಂದು ತಾರೀಕೂ ತಪ್ಪಲಿಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ.

ಲೆಕ್ಕದ ಪುಸ್ತಕ ಈಗ ಭಾವನ ಹತ್ತಿರ ಇದೆ. ಅವರೇ ಕೇಳಿ ತೆಗೆದುಕೊಂಡರು. ಎಡಗೈಯಲ್ಲಿ ಬರೆಯುತ್ತಾರೆ, ನಿಧಾನ, ಅಕ್ಷರ ದೊಡ್ಡದು. ಯಾರ ಆಟೋ, ಯಾರ ರೂಮು ಅಂತ ಎಲ್ಲಾ ಹೆಸರು ಇದೆ. ಮುಂದಿನ ತಿಂಗಳು ಎಂಆರ್‌ಐ. ಊಟ ಮೇಷ್ಟ್ರದು, ರೂಮು ಹಿಡಿದಿದ್ದಾರೆ, ವಾಪಸ್ ಬರುವ ಕಾರಿನ ಮುಂದೆ ಹೆಸರು ಇನ್ನೂ ಖಾಲಿ ಇದೆ ಅಂತ ಇವತ್ತು ಬೆಳಗ್ಗೆ ಅವರೇ ನನಗೆ ನೆನಪು ಮಾಡಿದರು.